ಚಲಾವಣೆ ನಿಂತ ನೋಟು, ಅರಿತವನ ಮೌನ

ವಾಗದರಿಯಿಂದ ಆಳಂದದ ಕಡೆಗೆ ಹೊರಟ ಪ್ರಯಾಣಿಕನಿಗೆ ರಾಜ್ಯದ ಗಡಿ ದಾಟಿದ್ದು ಇಂದು ತಿಳಿಯುವುದು ನಾಮಫಲಕದ ಲಿಪಿ ಬದಲಾದಾಗ ಮಾತ್ರ. ಎರಡೂ ಕಡೆಯ ಮಾತು ಒಂದೇ, ಜೋಳದ ಹೊಲ ಒಂದೇ, ಕಿಸೆಯಲ್ಲಿರುವ ನೋಟೂ ಒಂದೇ. 1948ಕ್ಕೆ ಮುಂಚೆ ಹೀಗಿರಲಿಲ್ಲ. ಸೊಲ್ಲಾಪುರ, ಅಕ್ಕಲಕೋಟಗಳ ಪೇಟೆಯಲ್ಲಿ ನಡೆಯುತ್ತಿದ್ದುದು ಬ್ರಿಟಿಷ್ ಹಿಂದೂಸ್ಥಾನದ ಕಲ್ದಾರ ರೂಪಾಯಿ. ಆಳಂದ, ಕಲಬುರಗಿಗಳಲ್ಲಿ ನಡೆಯುತ್ತಿದ್ದುದು ನಿಜಾಮ ಸರಕಾರದ ಹಾಲಿ ಸಿಕ್ಕಾ. ಕೆಲವೇ ಹರದಾರಿ ದೂರದ ಸಂತೆಗೆ ಹೋಗಿಬಂದ ರೈತನ ಕೈಯಲ್ಲಿ ಪರದೇಶದ ಹಣ ಇರುತ್ತಿತ್ತು. ಸ್ವಂತ ನಾಣ್ಯ ಟಂಕಿಸಿದ ಸಂಸ್ಥಾನಗಳು ಹಲವಾರು. ಹೈದರಾಬಾದು 1918ರಿಂದ ಕಾಗದದ ನೋಟನ್ನೂ ಹೊರಡಿಸಿ ದಶಕಗಳ ಕಾಲ ನಡೆಸಿತು. ಆ ನೋಟಿನ ಮೇಲೆ ಉರ್ದು, ಇಂಗ್ಲಿಷ್‌ಗಳೊಂದಿಗೆ ತೆಲುಗು, ಮರಾಠಿ, ಕನ್ನಡಗಳಲ್ಲಿಯೂ ಮೊತ್ತವನ್ನು ಬರೆಯಲಾಗಿತ್ತು. ಇಲ್ಲಿಯ ಮನೆಗಳಲ್ಲಿ ಮಾತು ಎರಡು ಮೂರು ಭಾಷೆಗಳ ನಡುವೆ ಹರಿದಾಡುವಂತೆಯೇ ಆ ಕಾಗದದ ಮೇಲೂ ಹರಿದಾಡಿತ್ತು.

ಏಳು ಹಾಲಿ ರೂಪಾಯಿಗೆ ಆರು ಕಲ್ದಾರ ಎಂಬುದು ಲೆಕ್ಕ. ನೂರು ಕಲ್ದಾರಕ್ಕೆ ನೂರಹದಿನಾರು ರೂಪಾಯಿ, ಹತ್ತು ಆಣೆ, ಎಂಟು ಪೈ. ಈ ಎಂಟು ಪೈಯನ್ನು ಬಿಡದೆ ಎಣಿಸುವುದೇ ಸರಾಫನ ವೃತ್ತಿಧರ್ಮವಾಗಿತ್ತು. ಬದಲಾವಣೆಯ ಶ್ರಮಕ್ಕಾಗಿ ಅವನು ಹಿಡಿದುಕೊಳ್ಳುತ್ತಿದ್ದ ಅಂಶಕ್ಕೆ ಕನ್ನಡದಲ್ಲಿ ವಟ್ಟ, ಮರಾಠಿಯಲ್ಲಿ ವಟಾವ್, ಹಿಂದಿಯಲ್ಲಿ ಬಟ್ಟಾ ಎಂಬ ಹೆಸರು. ಹಿಂದಿಯ ಬಟ್ಟಾ ಎಂಬ ಮಾತಿಗೆ ಕಳಂಕ ಎಂಬ ಇನ್ನೊಂದು ಅರ್ಥವೂ ಉಂಟು. ವಟ್ಟ ಎಲ್ಲಿಯವರೆಗೆ ನ್ಯಾಯವಾದ ಕೂಲಿ, ಎಲ್ಲಿಂದ ಮುಂದೆ ಕಳಂಕ ಎಂಬ ಪ್ರಶ್ನೆ ಆ ಒಂದೇ ಶಬ್ದದಲ್ಲಿ ಅಡಗಿದೆ.

ಹಾಲಿ ಎಂದರೆ ಸದ್ಯ ನಡೆಯುತ್ತಿರುವುದು ಎಂದರ್ಥ. ಆ ಹೆಸರು ಹೊತ್ತ ನಾಣ್ಯವೂ ನಿಂತುಹೋಯಿತು. 1950ರಲ್ಲಿ ಭಾರತದ ರೂಪಾಯಿ ಹೈದರಾಬಾದಿನಲ್ಲಿ ಜೊತೆಜೊತೆಗೆ ನಡೆಯತೊಡಗಿತು. 1951ರಲ್ಲಿ ಹಾಲಿ ಸಿಕ್ಕಾ ಹೊರಡಿಸುವುದು ನಿಂತಿತು. 1959ರಲ್ಲಿ ಅದರ ಮಾನ್ಯತೆಯೇ ರದ್ದಾಯಿತು. ಇಷ್ಟು ವರ್ಷಗಳ ಅವಕಾಶವಿದ್ದರೂ ಬದಲಿಸದೆ ಉಳಿದ ನೋಟುಗಳು ಇದ್ದೇ ಇದ್ದವು. ಯಾರೋ ಒಬ್ಬ ವಿಧವೆಯ ಪೆಟ್ಟಿಗೆಯ ತಳದಲ್ಲಿ, ಯಾರದೋ ಲೆಕ್ಕದ ಪುಸ್ತಕದ ಮಡಿಕೆಯಲ್ಲಿ ಅವು ಉಳಿದುಕೊಂಡವು. ಇಂದಿನ ಮನೆಗಳಲ್ಲಿ ಅದೇ ಸ್ಥಾನಕ್ಕೆ ಬಂದಿರುವುದು ಬೇರೆ ದೇಶಗಳ ಹಳೆಯ ನೋಟುಗಳು: ಜರ್ಮನಿಯಲ್ಲಿ ಕಲಿತು ಬಂದವರ ಮಾರ್ಕ್, ಇಂಗ್ಲೆಂಡಿನ ನೆಂಟರು ಕೊಟ್ಟುಹೋದ ಕಾಗದದ ಪೌಂಡು, ಕೊಲ್ಲಿ ದೇಶದಲ್ಲಿ ದುಡಿದವರ ದಿನಾರು. ಪೆಟ್ಟಿಗೆ ತೆರೆದವರಿಗೆ ಏಳುವ ಮೊದಲ ಪ್ರಶ್ನೆ, ಇವಕ್ಕೆ ಈಗ ಏನಾದರೂ ಬರುತ್ತದೆಯೆ ಎಂಬುದು. ಅದು ವ್ಯವಹಾರದ ಪ್ರಶ್ನೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಇದೆ: ಇಂಥ ಕಾಗದವನ್ನು ಯಾರ ಕೈಗೆ, ಏನು ಹೇಳಿ, ಎಷ್ಟಕ್ಕೆ ಕೊಡುವುದು ನ್ಯಾಯ? ಯಾರ ಕೈಯಿಂದ ಎಷ್ಟಕ್ಕೆ ಕೊಳ್ಳುವುದು ನ್ಯಾಯ?

ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವವರು ಸಹಜವಾಗಿ ಅಚೌರ್ಯಾಣುವ್ರತದ ಕಡೆಗೆ ನೋಡುತ್ತಾರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಆ ವ್ರತಕ್ಕೆ ಹೇಳಿರುವ ಅತಿಚಾರಗಳಲ್ಲಿ ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರಿ ವ್ಯಾಪಾರ ಮಾಡುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಅಸಲಿನ ಜಾಗದಲ್ಲಿ ಅದರಂತೆಯೇ ತೋರುವ ನಕಲನ್ನು ಕೊಡುವುದು ಸೇರಿವೆ. ಚಲಾವಣೆ ನಿಂತ ನೋಟನ್ನು ನಡೆಯುವ ನೋಟೆಂದು ದಾಟಿಸುವವನು ಈ ಕೊನೆಯದಕ್ಕೆ, ಪ್ರತಿರೂಪಕ ವ್ಯವಹಾರಕ್ಕೆ, ಒಳಗಾಗುತ್ತಾನೆ ಎನ್ನಲು ಹೆಚ್ಚು ವಿವೇಚನೆ ಬೇಕಾಗಿಲ್ಲ. ಆ ಕಾಗದ ಖೋಟಾ ಅಲ್ಲದಿರಬಹುದು. ಅದನ್ನು ಕೊಟ್ಟ ಕ್ರಿಯೆ ಖೋಟಾ.

ಆದರೆ ವಿಷಯದ ಮರ್ಮ ಇರುವುದು ಅಚೌರ್ಯದಲ್ಲಿ ಅಷ್ಟಾಗಿ ಅಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರ ಎಂಬುದೊಂದಿದೆ. ನ್ಯಾಸವೆಂದರೆ ನಂಬಿ ಇಟ್ಟ ಠೇವಣಿ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವ ಬಗೆ ಬಹು ಸೂಕ್ಷ್ಮವಾದುದು. ಠೇವಣಿಯನ್ನೇ ಇಲ್ಲವೆಂದು ನುಂಗಿಹಾಕುವ ದೊಡ್ಡ ಮೋಸವನ್ನು ಅವರು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಹೊನ್ನನ್ನು ಇಟ್ಟವನು ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ಸರಿ, ಅಷ್ಟೇ ಎಂದು ಒಪ್ಪಿ ಅಷ್ಟನ್ನೇ ಕೊಡುತ್ತಾನೆ. ಇದು ಅವರ ದೃಷ್ಟಾಂತ. ಇಲ್ಲಿ ಯಾರೂ ಕೈ ಹಾಕಿ ಕದಿಯಲಿಲ್ಲ. ಕೇಳಿದವನಿಗೆ ಕೇಳಿದಷ್ಟೂ ಸಿಕ್ಕಿತು. ಆದರೂ ಒಬ್ಬನಿಗೆ ಗೊತ್ತಿದ್ದ ಎಣಿಕೆ ಇನ್ನೊಬ್ಬನಿಗೆ ಗೊತ್ತಿರಲಿಲ್ಲ, ಗೊತ್ತಿದ್ದವನು ಅದನ್ನು ಹೇಳಲಿಲ್ಲ. ಶಾಸ್ತ್ರಕಾರರು ಇದನ್ನು ಕಳವಿನ ಪಟ್ಟಿಗೆ ಸೇರಿಸದೆ ಅಸತ್ಯದ ಪಟ್ಟಿಗೆ ಸೇರಿಸಿದರು. ಹಳೆಯ ನೋಟಿನ ವ್ಯವಹಾರಕ್ಕೆ ಇದಕ್ಕಿಂತ ಹತ್ತಿರದ ಮಾತು ಸಿಗುವುದು ಕಷ್ಟ.

ಏಕೆಂದರೆ ನೋಟು ತಾನೇ ಒಂದು ನ್ಯಾಸ. ಕಾಗದಕ್ಕೆ ಬೆಲೆಯಿಲ್ಲ, ಅದನ್ನು ಹೊರಡಿಸಿದವನು ಕೊಟ್ಟ ವಚನಕ್ಕೆ ಬೆಲೆ. ಅದನ್ನು ಹಿಡಿದವನು ತನ್ನ ದುಡಿಮೆಯನ್ನು ಆ ವಚನದ ಮೇಲೆ ಇಟ್ಟಿದ್ದಾನೆ. ಆದ್ದರಿಂದ ಮೊದಲು ಕೇಳಬೇಕಾದುದು ಇಟ್ಟುಕೊಂಡವರ, ಅಂದರೆ ರಾಜ್ಯಗಳ, ನಡತೆಯನ್ನು. ಈ ವಿಷಯದಲ್ಲಿ ದೇಶದೇಶಗಳ ರೀತಿ ಬೇರೆ ಬೇರೆ. 2002ರಲ್ಲಿ ಯೂರೋ ನೋಟುಗಳು ಬಂದಾಗ ಜರ್ಮನಿಯ ಮಾರ್ಕ್ ಅಂಗಡಿಗಳಲ್ಲಿ ನಡೆಯದಾಯಿತು. ಆದರೆ ಆ ದೇಶದ ಕೇಂದ್ರ ಬ್ಯಾಂಕು ಬದಲಾವಣೆಗೆ ಗಡುವನ್ನೇ ಇಡಲಿಲ್ಲ. 1.95583 ಮಾರ್ಕಿಗೆ ಒಂದು ಯೂರೋ ಎಂಬ ಸ್ಥಿರ ದರದಲ್ಲಿ, ಯಾವ ಶುಲ್ಕವೂ ಇಲ್ಲದೆ, ಎಷ್ಟು ವರ್ಷಗಳ ನಂತರ ತಂದರೂ ಅದು ಬದಲಿಸಿಕೊಡುತ್ತದೆ. ಇನ್ನೂ ಮರಳಿ ಬಾರದ ಮಾರ್ಕಿನ ಮೊತ್ತ ಸುಮಾರು 1,200 ಕೋಟಿ. ಬ್ಯಾಂಕ್ ಆಫ್ ಇಂಗ್ಲೆಂಡ್ ಕಾಗದದ 20 ಮತ್ತು 50 ಪೌಂಡಿನ ನೋಟುಗಳನ್ನು 2022ರ ಸೆಪ್ಟೆಂಬರ್ 30ರ ಬಳಿಕ ಚಲಾವಣೆಯಿಂದ ತೆಗೆಯಿತು. ಆದರೂ ತಾನು ಹೊರಡಿಸಿದ ಯಾವ ಹಳೆಯ ನೋಟಿಗೂ ಮುಖಬೆಲೆ ಕೊಡಲು ಬದ್ಧವೆಂದು ಹೇಳುತ್ತದೆ. ಇವು ಪೇಟೆಯಲ್ಲಿ ಸತ್ತು, ಹೊರಡಿಸಿದ ಮನೆಯ ಬಾಗಿಲಲ್ಲಿ ಬದುಕಿರುವ ನೋಟುಗಳು.

ಇಟಲಿಯ ಕಥೆ ಬೇರೆ. ಅಲ್ಲಿ ಲೀರಾ ಬದಲಿಸಲು 2012ರ ಫೆಬ್ರವರಿ ಅಂತ್ಯದವರೆಗೆ ಅವಧಿ ಇತ್ತು. ಸಾಲದ ಸಂಕಟದಲ್ಲಿದ್ದ ಸರಕಾರ 2011ರ ಡಿಸೆಂಬರಿನಲ್ಲಿ ಒಂದು ಶಾಸನ ತಂದು, ಉಳಿದ ಲೀರಾಗಳು ಆ ಕ್ಷಣದಿಂದಲೇ ರದ್ದು ಎಂದೂ, ಬದಲಾಗದೆ ಉಳಿದ ಮೊತ್ತ ಖಜಾನೆಗೆ ಸೇರಿದ್ದು ಎಂದೂ ಸಾರಿತು. ಇನ್ನೂ ಹನ್ನೆರಡು ವಾರ ಇದೆಯೆಂದು ನಂಬಿ ಕುಳಿತಿದ್ದವರ ಮುಂದೆ ಬಾಗಿಲು ಮುಚ್ಚಿತು. 2015ರಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯ ಈ ಕಟ್ಟಳೆಯನ್ನು ಅಸಿಂಧುಗೊಳಿಸಿತು. ಗಡುವು ಇಡುವುದೇ ಅನ್ಯಾಯವೆಂದು ಹೇಳಲಾಗದು. ನಮ್ಮ ಹಾಲಿ ಸಿಕ್ಕಾಕ್ಕೂ ಗಡುವು ಇತ್ತು. ಆದರೆ ಹೇಳಿದ ದಿನಕ್ಕಿಂತ ಮುಂಚೆ ಬಾಗಿಲು ಹಾಕಿ ಉಳಿದುದನ್ನು ತನ್ನದೆಂದು ಬರೆದುಕೊಳ್ಳುವುದು ಠೇವಣಿ ಇಟ್ಟುಕೊಂಡವನಿಗೆ ತಕ್ಕ ನಡತೆಯಲ್ಲ.

ಕುವೈತಿನಲ್ಲಿ ಆದುದು ಇನ್ನೂ ತೊಡಕಿನದು. 1990ರ ಆಗಸ್ಟಿನಲ್ಲಿ ಇರಾಕು ಆ ದೇಶವನ್ನು ಆಕ್ರಮಿಸಿದಾಗ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದರು. ಅಮ್ಮಾನಿನ ದಾರಿಯಾಗಿ ಮುಂಬಯಿಗೆ ಬಂದಿಳಿದವರ ಜೇಬಿನಲ್ಲಿದ್ದ, ನಿನ್ನೆಯವರೆಗೆ ರೂಪಾಯಿಗಿಂತ ಹಲವು ಪಟ್ಟು ಬಲವಾಗಿದ್ದ ದಿನಾರನ್ನು ಕೊಳ್ಳುವವರೇ ಇಲ್ಲವಾಯಿತು. ಆಕ್ರಮಣಕಾರರು ಆ ದಿನಾರನ್ನು ರದ್ದುಮಾಡಿದರು. ವಿಮೋಚನೆಯ ನಂತರ 1991ರಲ್ಲಿ ಕುವೈತ್ ಸರಕಾರವೇ ಹೊಸ ನೋಟು ತಂದು ಹಳೆಯದನ್ನು ಹಿಂದಕ್ಕೆ ಪಡೆಯಿತು. ಬ್ಯಾಂಕಿನಿಂದ ಲೂಟಿಯಾದ ನೋಟುಗಳ ಕ್ರಮಸಂಖ್ಯೆಗಳನ್ನು ಪ್ರಕಟಿಸಿ ಅವಕ್ಕೆ ಬೆಲೆ ಇಲ್ಲವೆಂದಿತು. ಲೂಟಿಯ ನೋಟು ಅಗ್ಗಕ್ಕೆ ಸಿಕ್ಕಿತೆಂದು ಕೊಂಡವನಿಗೆ ನಷ್ಟವಾಯಿತು. ಆ ನಷ್ಟಕ್ಕೆ ಮರುಗುವುದು ಕಷ್ಟ. ಕದ್ದ ಮಾಲನ್ನು ಕೊಳ್ಳಬಾರದೆಂಬ ನಿಯಮ ಇಂಥ ಅಗ್ಗವನ್ನು ಕುರಿತೇ ಇದೆ. ಆದರೆ ಸಂಬಳವಾಗಿ ಬಂದ ದಿನಾರನ್ನು ಮಡಿಚಿ ಇಟ್ಟುಕೊಂಡು ಓಡಿಬಂದ ಕೂಲಿಯವನಿಗೂ ಲೂಟಿಗಾರನಿಗೂ ಭೇದ ಹೇಳಬಲ್ಲದ್ದು ಆ ಕ್ರಮಸಂಖ್ಯೆಯ ಪಟ್ಟಿ ಮಾತ್ರ. ಪಟ್ಟಿಯನ್ನು ಓದಿದವರು ಎಷ್ಟು ಮಂದಿ?

ರಾಜ್ಯಗಳ ಮಾತು ಇಷ್ಟು ಸಾಕು. ಗೃಹಸ್ಥನ ಕೈಯಲ್ಲಿರುವುದು ತನ್ನ ವ್ಯವಹಾರ ಮಾತ್ರ.

ಹಳ್ಳಿಯ ಒಬ್ಬ ಮುದುಕಿ, ತೀರಿಕೊಂಡ ಮಗನ ಪುಸ್ತಕದಲ್ಲಿ ಸಿಕ್ಕ ನೂರು ಮಾರ್ಕಿನ ನೋಟನ್ನು ಪೇಟೆಯ ಪರಿಚಿತ ಅಂಗಡಿಗೆ ತಂದಳೆಂದು ಕಲ್ಪಿಸಿಕೊಳ್ಳಬಹುದು. ಇದು ನಡೆಯದ ನೋಟಂತೆ ಅಣ್ಣಾ, ಮೊಮ್ಮಗ ಆಡಲಿಕ್ಕೆ ಕೇಳುತ್ತಾನೆ, ನಿಮಗೇನಾದರೂ ಉಪಯೋಗವಿದ್ದರೆ ನೂರು ರೂಪಾಯಿ ಕೊಡಿ ಎನ್ನುತ್ತಾಳೆ. ಅಂಗಡಿಯವನು ಸುಳ್ಳು ಹೇಳುವುದಿಲ್ಲ. ಆ ನೋಟಿಗೆ ಜರ್ಮನಿಯಲ್ಲಿ 51 ಯೂರೋ 13 ಸೆಂಟು ಬರುವುದೆಂದು ಮಾತ್ರ ಅವನಿಗೆ ಗೊತ್ತಿದೆ. ನಡೆಯದ ನೋಟು ಎಂಬ ಅವಳ ಮಾತಿಗೆ ಹೂಂ ಎನ್ನುತ್ತಾನೆ, ಕೇಳಿದ ನೂರು ರೂಪಾಯಿಯನ್ನು ಕೊಡುತ್ತಾನೆ, ಬೇಕಾದರೆ ಇನ್ನೂ ಐವತ್ತನ್ನು ಧರ್ಮವೆಂದು ಸೇರಿಸುತ್ತಾನೆ. ಮುದುಕಿ ಹರಸಿ ಹೋಗುತ್ತಾಳೆ. ಪೂಜ್ಯಪಾದರ ದೃಷ್ಟಾಂತದಲ್ಲಿಯ ಅಷ್ಟೇ ಎಂಬ ಮಾತಿಗೂ ಈ ಹೂಂಕಾರಕ್ಕೂ ಅಂತರವೇನು? ಹೆಚ್ಚಿಗೆ ಕೊಟ್ಟ ಐವತ್ತು ಅದನ್ನು ಅಳಿಸುವುದಿಲ್ಲ. ಅವನು ಮೋಸ ಮಾಡುತ್ತಿರುವುದು ಅವನಿಗೇ ಗೊತ್ತಿತ್ತೆಂಬುದಕ್ಕೆ ಅದೇ ಸಾಕ್ಷಿ.

ಇದಕ್ಕೆ ವ್ಯಾಪಾರಿಗಳು ಒಂದು ಆಕ್ಷೇಪ ಎತ್ತಬಲ್ಲರು, ಅದು ಹಗುರವಾದುದಲ್ಲ. ವ್ಯಾಪಾರವೆಂದರೆ ಬೇರೆಯವರಿಗೆ ಗೊತ್ತಿಲ್ಲದ್ದನ್ನು ಗೊತ್ತುಮಾಡಿಕೊಂಡಿರುವುದೇ ಅಲ್ಲವೆ? ಮುಂಬಯಿಯ ಹತ್ತಿಯ ಧಾರಣೆ ಏರಲಿದೆಯೆಂದು ಊಹಿಸಿ ಸೊಲ್ಲಾಪುರದಲ್ಲಿ ಕೊಂಡವನು ಪ್ರತಿಯೊಬ್ಬ ರೈತನಿಗೂ ತನ್ನ ಊಹೆಯನ್ನು ಸಾರಬೇಕೆ? ಹಾಗೆ ಸಾರುತ್ತಾ ಹೋದರೆ ಪೇಟೆ ನಡೆದೀತೆ? ಸರಾಫನ ವಟ್ಟವೂ ಅವನ ತಿಳಿವಳಿಕೆಯ ಕೂಲಿಯೇ ತಾನೆ?

ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಊಹೆ ಬೇರೆ, ಎಣಿಕೆ ಬೇರೆ. ನಾಳೆಯ ಧಾರಣೆ ಯಾರಿಗೂ ತಿಳಿಯದ್ದು. ಅದನ್ನು ನಂಬಿ ಕೊಂಡವನು ನಷ್ಟದ ಹೊರೆಯನ್ನೂ ಹೊತ್ತಿದ್ದಾನೆ. ಮಾರ್ಕಿನ ಬೆಲೆ ಅಂಥದ್ದಲ್ಲ. ಅದು ಇಟ್ಟ ಹೊನ್ನಿನಂತೆ ಎಣಿಸಿಟ್ಟದ್ದು, ಒಬ್ಬನಿಗೆ ಗೊತ್ತಿದೆ, ಇನ್ನೊಬ್ಬಳು ಮರೆತಿದ್ದಾಳೆ ಅಥವಾ ಎಂದೂ ಅರಿತಿಲ್ಲ. ಅಂಗಡಿಯವನು ಮಾಡಬಹುದಾದ ನ್ಯಾಯವಾದ ವ್ಯಾಪಾರ ಇಲ್ಲಿಯೂ ಉಂಟು. ಇದಕ್ಕೆ ಅಲ್ಲಿ ಇಷ್ಟು ಬರುತ್ತದೆ, ಕಳುಹಿಸುವ ಖರ್ಚು ಇಷ್ಟು, ತರಿಸುವ ತೊಂದರೆಗೆ ನನ್ನದು ಇಷ್ಟು, ಉಳಿದದ್ದು ನಿಮಗೆ ಎಂದು ಹೇಳಿದರೆ ಅವನು ಹಿಡಿದುಕೊಂಡದ್ದು ವಟ್ಟ. ಅದು ತುಸು ಹೆಚ್ಚೇ ಆದರೂ ವಟ್ಟವೇ. ಅವಳು ಬೇಡವೆಂದು ನೋಟನ್ನು ಮರಳಿ ಸೆರಗಿಗೆ ಕಟ್ಟಿಕೊಂಡು ಹೋಗಬಹುದು.

ಸಂಗ್ರಾಹಕರ ಪೇಟೆ ಮತ್ತೊಂದು ಬಗೆಯದು. 1922ರ ಮೇ ತಿಂಗಳಲ್ಲಿ ಲಂಡನ್ನಿನಿಂದ ಮುಂಬಯಿಗೆ ಹೊರಟ ಈಜಿಪ್ಟ್ ಎಂಬ ಹಡಗು ಫ್ರಾನ್ಸಿನ ಕರಾವಳಿಯ ಬಳಿ ಮುಳುಗಿತು. ಅದರಲ್ಲಿ ಚಿನ್ನ ಬೆಳ್ಳಿಗಳ ಜೊತೆಗೆ ನಿಜಾಮರಿಗಾಗಿ ಇಂಗ್ಲೆಂಡಿನಲ್ಲಿ ಮುದ್ರಿಸಿದ ಹೈದರಾಬಾದು ನೋಟುಗಳೂ ಇದ್ದವು. 1930ರ ದಶಕದಲ್ಲಿ ಇಟಲಿಯ ಮುಳುಗುಗಾರರು ಆಳದಿಂದ ಚಿನ್ನವನ್ನು ಎತ್ತುವಾಗ ಆ ನೋಟುಗಳಲ್ಲಿ ಕೆಲವನ್ನೂ ಎತ್ತಿದರು. ಅವು ಖಜಾನೆಯಿಂದ ಎಂದೂ ಹೊರಬೀಳದ ನೋಟುಗಳು. ಅವುಗಳ ಹಿಂದೆ ಯಾವ ವಚನವೂ ಇರಲಿಲ್ಲ. ಆದರೂ ಸಂಗ್ರಾಹಕರು ಅವಕ್ಕೆ ಹಣ ಕೊಡುತ್ತಾರೆ, ಕುತೂಹಲಕ್ಕಾಗಿ. ಇಂಥ ಬೆಲೆ ಇಬ್ಬರ ಇಚ್ಛೆಯಿಂದ ಹುಟ್ಟುವಂಥದು, ಎಣಿಸಿಟ್ಟದ್ದಲ್ಲ. ಹತ್ತಿಯ ಧಾರಣೆಯಂತೆ ಅದು ಏರಿಳಿಯುತ್ತದೆ. ಇಲ್ಲಿ ಚೌಕಾಶಿಗೆ ಅವಕಾಶವಿದೆ. ಮಾರುವವನಿಗೆ ತಾನು ಮಾರುತ್ತಿರುವುದು ಸಂಗ್ರಹದ ವಸ್ತುವೆಂಬುದಾದರೂ ಗೊತ್ತಿರಬೇಕು, ಅಷ್ಟೆ.

ದೇವಸ್ಥಾನಕ್ಕೆ ಸಂಬಂಧಿಸಿದ ಮಾತೊಂದು ಉಳಿದಿದೆ. ಹುಂಡಿ ಎಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥ. ವ್ಯಾಪಾರಿ ಇನ್ನೊಂದು ಊರಿನ ವ್ಯಾಪಾರಿಯ ಮೇಲೆ ಬರೆದುಕೊಡುವ ಹಣದ ಪತ್ರ ಒಂದು. ಭಕ್ತರು ಕಾಣಿಕೆ ಹಾಕುವ ಪೆಟ್ಟಿಗೆ ಇನ್ನೊಂದು. ಮೊದಲನೆಯದು ಬರೆದವನ ಮಾತಿನ ಮೇಲೆಯೇ ನಿಂತಿತ್ತು. ಒಮ್ಮೆ ಹುಂಡಿ ಮರಳಿ ಬಂದರೆ ಆ ಮನೆತನದ ಹೆಸರು ಪೇಟೆಯಲ್ಲಿ ಉಳಿಯುತ್ತಿರಲಿಲ್ಲ. ಎರಡನೆಯದರಲ್ಲಿ ಹಾಕಿದವರ ಹೆಸರೇ ಇಲ್ಲದಿರುವುದರಿಂದ ಏನನ್ನಾದರೂ ಹಾಕಬಹುದೆಂಬ ಧೈರ್ಯ ಹುಟ್ಟಿದೆ. 2016ರ ನವೆಂಬರ್ 8ರಂದು 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದವು. ಬ್ಯಾಂಕಿಗೆ ಕಟ್ಟುವ ಅವಧಿ ಡಿಸೆಂಬರ್ 30ಕ್ಕೆ ಮುಗಿಯಿತು. ಅದರ ಬಳಿಕವೂ ದೇಶದ ಅನೇಕ ದೇವಾಲಯಗಳ ಹುಂಡಿಗಳಲ್ಲಿ ಆ ನೋಟುಗಳು ಬೀಳುತ್ತಲೇ ಇದ್ದವು. 2017ರ ಕಾಯಿದೆಯ ಪ್ರಕಾರ ಅಂಥ ನೋಟುಗಳನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದೇ ದಂಡಕ್ಕೆ ಗುರಿಯಾಗುವ ಅಪರಾಧ. ಅಧ್ಯಯನ, ಸಂಶೋಧನೆ, ನಾಣ್ಯಸಂಗ್ರಹಗಳಿಗಾದರೆ ಇಪ್ಪತ್ತೈದರವರೆಗೆ ಇರಬಹುದು. ಹೀಗಿರುವಾಗ ಭಕ್ತನು ಅರ್ಪಿಸಿದ್ದು ಕಾಣಿಕೆಯನ್ನೋ, ತನ್ನ ತಲೆಯ ಮೇಲಿನ ಅಪರಾಧವನ್ನೋ? ವಿದೇಶದ ನಿಂತ ನೋಟನ್ನು ಹಾಕುವವರಲ್ಲಿ ಅಷ್ಟು ಲೆಕ್ಕಾಚಾರ ಇರಲಾರದು. ಆದರೆ ಅಂಗಡಿಯಲ್ಲಿ ಕೊಡಲು ನಾಚುವ ಕಾಗದವನ್ನು ಬಸದಿಯಲ್ಲಿ ಕೊಡಲು ನಾಚದಿರುವ ಮನಸ್ಸು ಎರಡು ಕಡೆಯೂ ಒಂದೇ.

ದಾನವಾಗಿ ಬಂದ ದ್ರವ್ಯಕ್ಕೆ ಆಡಳಿತ ಮಂಡಳಿಯೂ ಠೇವಣಿದಾರನೇ. ಮರಾಠಿ, ಹಿಂದಿಗಳಲ್ಲಿ ಅದನ್ನು ನ್ಯಾಸವೆಂದೇ ಕರೆಯುತ್ತಾರೆ. ಆದ್ದರಿಂದ ಹುಂಡಿಯಲ್ಲಿ ಸಿಕ್ಕ ಪರದೇಶದ ಹಳೆಯ ನೋಟನ್ನು ಎಣಿಕೆಗೆ ಕುಳಿತವರಲ್ಲಿ ಯಾರೋ ನೆನಪಿಗೆಂದು ಕಿಸೆಗೆ ಹಾಕಿಕೊಳ್ಳುವುದು, ಅಥವಾ ಬೆಲೆಯಿಲ್ಲದ್ದೆಂದು ಬಿಸಾಡುವುದು, ಎರಡೂ ಸರಿಯಲ್ಲ. ಯಾವ ದೇಶದ್ದು, ಎಷ್ಟರದ್ದು ಎಂದು ಲೆಕ್ಕದ ಪುಸ್ತಕದಲ್ಲಿ ಬರೆದು, ಆ ದೇಶದ ಕೇಂದ್ರ ಬ್ಯಾಂಕು ಇನ್ನೂ ಬದಲಿಸುತ್ತದೆಯೆ ಎಂದು ವಿಚಾರಿಸಿ, ನಮ್ಮ ದೇಶದ ವಿದೇಶಿ ವಿನಿಮಯದ ಕಟ್ಟಳೆಗಳನ್ನು ತಿಳಿದವರನ್ನು ಕೇಳಿ ಮುಂದುವರಿಯುವುದು ಸ್ವಲ್ಪ ಶ್ರಮದ ಕೆಲಸ. ಸಾಮಾನ್ಯ ನಿವಾಸಿಯು 2,000 ಅಮೆರಿಕನ್ ಡಾಲರಿಗೆ ಸಮನಾದಷ್ಟು ವಿದೇಶಿ ನೋಟುಗಳನ್ನು ಮಾತ್ರ ಇಟ್ಟುಕೊಳ್ಳಬಹುದೆಂಬ ಮಿತಿಯನ್ನು ಮನೆಯವರೂ ಮರೆಯಬಾರದು.

ಸೊಲ್ಲಾಪುರದ ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರ ಹೆಸರು ಈ ಪ್ರಾಂತದ ಜೈನ ಮನೆಗಳಲ್ಲಿ ಅವರ ಗ್ರಂಥಮಾಲೆಯಿಂದ ಪರಿಚಿತ. 1940ರಲ್ಲಿ ತಮ್ಮ ಸಂಪತ್ತನ್ನು ಧರ್ಮ ಮತ್ತು ಸಮಾಜದ ಕಾರ್ಯಕ್ಕೆ ವಿನಿಯೋಗಿಸಬೇಕೆಂದು ಅವರು ಸಂಕಲ್ಪಿಸಿದರು. ಗಜಪಂಥದಲ್ಲಿ ವಿದ್ವಾಂಸರನ್ನು ಸೇರಿಸಿ ಜೈನ ಸಂಸ್ಕೃತಿ ಸಂರಕ್ಷಕ ಸಂಘವನ್ನು ಸ್ಥಾಪಿಸಿ ಮೊದಲಿಗೆ 30,000 ರೂಪಾಯಿ ಕೊಟ್ಟರು. 1944ರಲ್ಲಿ ಸುಮಾರು ಎರಡು ಲಕ್ಷದ ತಮ್ಮ ಸಮಸ್ತ ಆಸ್ತಿಯನ್ನೂ ಅದಕ್ಕೆ ಟ್ರಸ್ಟಾಗಿ ಒಪ್ಪಿಸಿದರು. ಆ ಮಾಲೆಯ ಪುಸ್ತಕಗಳಲ್ಲಿ ಅವರ ಪರಿಚಯ ಬರೆದವರು ಸಂಪತ್ತಿಗೆ ನ್ಯಾಯೋಪಾರ್ಜಿತ ಎಂಬ ಒಂದೇ ವಿಶೇಷಣವನ್ನು ಬಳಸಿದ್ದಾರೆ. ಎಷ್ಟು ಎಂಬುದಕ್ಕಿಂತ ಮೊದಲು ಹೇಗೆ ಬಂತು ಎಂಬುದನ್ನು ಹೇಳುವ ಶಬ್ದ ಅದು. ಮುದುಕಿಯ ನೂರು ಮಾರ್ಕಿನಿಂದ ಬಂದ ಲಾಭವನ್ನು ಅಂಗಡಿಯವನು ನಾಳೆ ಪೂರ್ತಿಯಾಗಿ ದಾನಕ್ಕೆ ಕೊಟ್ಟರೂ ಆ ಶಬ್ದ ಅದಕ್ಕೆ ಅಂಟಿಕೊಳ್ಳುವುದಿಲ್ಲ.

ಶ್ರಾವಕಾಚಾರದ ವ್ಯಾಖ್ಯಾನಗಳಲ್ಲಿ ಸತ್ಯಘೋಷನ ಕಥೆ ಬರುತ್ತದೆ. ಆ ಪುರೋಹಿತನ ನಿಜವಾದ ಹೆಸರು ಶ್ರೀಭೂತಿ. ಸುಳ್ಳಾಡಿದರೆ ನಾಲಗೆ ಕತ್ತರಿಸಿಕೊಳ್ಳುವೆನೆಂದು ಜನಿವಾರಕ್ಕೆ ಕತ್ತಿ ಕಟ್ಟಿಕೊಂಡು ತಿರುಗುತ್ತಿದ್ದುದರಿಂದ ಜನ ಅವನಿಗೆ ಆ ಬಿರುದು ಕೊಟ್ಟಿದ್ದರು. ಸಮುದ್ರದತ್ತನೆಂಬ ವ್ಯಾಪಾರಿ ಅವನಲ್ಲಿ ರತ್ನಗಳನ್ನಿಟ್ಟು ದ್ವೀಪಾಂತರಕ್ಕೆ ಹೋದನು; ಹಡಗು ಒಡೆದು ಎಲ್ಲವನ್ನೂ ಕಳೆದುಕೊಂಡು ಬಂದು ಕೇಳಿದಾಗ ಪುರೋಹಿತನು ಇವನಿಗೆ ಹುಚ್ಚೆಂದನು. ರಾಣಿ ರಾಮದತ್ತೆ ಪಗಡೆಯಾಟದ ಉಪಾಯದಿಂದ ರತ್ನಗಳನ್ನು ಹೊರತರಿಸಿದಳು. ಈ ಕಥೆಯನ್ನು ಹೇಳುವವರು ಪುರೋಹಿತನ ಶಿಕ್ಷೆಯಲ್ಲಿಗೆ ನಿಲ್ಲಿಸುವುದುಂಟು. ಅದಕ್ಕೆ ಮುಂಚೆ ಇನ್ನೊಂದು ಸಣ್ಣ ಘಟನೆ ಇದೆ. ರಾಜನು ಆ ರತ್ನಗಳನ್ನು ತನ್ನ ಭಂಡಾರದ ಬೇರೆ ಅನೇಕ ರತ್ನಗಳೊಡನೆ ಬೆರೆಸಿ ರಾಶಿ ಮಾಡಿ, ನಿನ್ನವನ್ನು ತೆಗೆದುಕೋ ಎಂದನು. ಕೈಯಲ್ಲಿ ಕಾಸಿಲ್ಲದ ವ್ಯಾಪಾರಿ ರಾಶಿಯ ಮುಂದೆ ಕುಳಿತು, ತಾನು ಇಟ್ಟಿದ್ದ ರತ್ನಗಳನ್ನು ಗುರುತು ಹಿಡಿದು, ಅವನ್ನಷ್ಟೇ ಆರಿಸಿ ತೆಗೆದುಕೊಂಡನು.